ಮಾವ ಕೊಟ್ಟ ಕ್ಷೌರದ ಕತ್ತಿ

ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರು ಬಾವುಟ ಬೀಸಿ ರೈಲು ಬಿಡುವುದು ಅವರ ಉದ್ಯೋಗ. ನಿವೃತ್ತರಾದ ಮೇಲೂ ಅವರು ರೈಲು ಬಿಡುವುದನ್ನು ನಿಲ್ಲಿಸಿಲ್ಲವೆಂದು ಅಳಿಯಂದಿರಿಬ್ಬರೂ ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ಭಾನುವಾರ ಎಲ್ಲರೂ ಊಟಕ್ಕೆ ಮೇಜಿನ ಸುತ್ತ ಕೂತರೆ ಸಾಕು, ಒಂದಲ್ಲ ಒಂದು ರೈಲು ಹೊರಟೇ ಹೊರಡುತ್ತಿತ್ತು. ಅವುಗಳಲ್ಲೆಲ್ಲ ಅತಿ ಹೆಚ್ಚು ಸಲ ಓಡಿದ್ದು ಗಡ್ಡದ ರೈಲು.

ಅದು ಹೀಗೆ. ಮಾವನ ಮೀಸೆ ಇನ್ನೂ ಕಪ್ಪಗಿದ್ದ ಕಾಲ. ಸರಕು ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಅವರೊಬ್ಬರೇ. ಮುಂದಿನ ನಿಲ್ದಾಣದಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಕಾದು ನಿಂತಿದ್ದಾರೆ ಎಂಬ ಸುದ್ದಿ ಬಂತು. ಮುಖದ ಮೇಲೆ ನೋಡಿದರೆ ಎರಡು ದಿನದ ಕುರುಚಲು. ಮಾವ ಕಿಟಕಿಗೆ ಕನ್ನಡಿ ಸಿಕ್ಕಿಸಿದರು, ಒಂದು ಕೈಯಲ್ಲಿ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದರು, ಇನ್ನೊಂದು ಕೈಯಲ್ಲಿ ಮಡಚುವ ಕ್ಷೌರದ ಕತ್ತಿಯನ್ನು ಬಿಚ್ಚಿದರು. ರೈಲು ತಿರುವಿನಲ್ಲಿ ಓಲಾಡುತ್ತಿದೆ, ಕನ್ನಡಿ ಗಡಗಡ ನಡುಗುತ್ತಿದೆ, ಮಾವ ಮಾತ್ರ ನೊರೆಯ ಮೇಲೆ ಕತ್ತಿ ಆಡಿಸುತ್ತಲೇ ಇದ್ದಾರೆ. ಒಂದು ತೊಟ್ಟು ರಕ್ತ ಬರಲಿಲ್ಲ. ಕೆಳಗಿಳಿದಾಗ ಸಾಹೇಬರು ತಪಾಸಣೆಯನ್ನೇ ಮರೆತು ಮಾವನ ಕೆನ್ನೆ ನೋಡುತ್ತ, "ಯಾರಯ್ಯ ನಿನ್ನ ಕ್ಷೌರಿಕ?" ಎಂದು ಕೇಳಿದರು.

ಮಿಕ್ಕ ರೈಲುಗಳ ಬಗ್ಗೆ ಏನೇ ಅನುಮಾನವಿರಲಿ, ಇದನ್ನು ಮಾತ್ರ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಮಾವ ಬೆಳಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡರೆಂದರೆ ಅರ್ಧ ಗಂಟೆ ಮನೆಯಲ್ಲಿ ಯಾರೂ ಕಿಟಕ್ಕೆನ್ನುವಂತಿರಲಿಲ್ಲ. "ಅಪ್ಪನ ಕೈಯಲ್ಲಿ ಕತ್ತಿ ಇದೆ" ಎಂದು ಅತ್ತೆ ತುಟಿಗೆ ಬೆರಳಿಡುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ತುದಿಗಾಲಲ್ಲಿ ನಡೆಯುತ್ತ, ಪಿಸುಮಾತಿನಲ್ಲಿ ಜಗಳವಾಡುತ್ತ, ಸದ್ದಿಲ್ಲದೆ ಒಬ್ಬರ ಜಡೆ ಒಬ್ಬರು ಎಳೆಯುತ್ತ ದೊಡ್ಡವರಾದರು.

ಹಿರಿಯ ಮಗಳ ಗಂಡ ಹಲ್ಲಿನ ಡಾಕ್ಟರು. ಈ ಕಥೆ ಅವನದು. ಕಿರಿಯ ಅಳಿಯನಿಗೆ ಎದೆಯುದ್ದ ಗಡ್ಡವಿದ್ದುದರಿಂದ ಅವನಿಗೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ, ಬೆಂಕಿಗೆ ತುಪ್ಪ ಸುರಿದದ್ದಷ್ಟೇ ಅವನ ಪಾಲು.

ಆ ಭಾನುವಾರ ಮಾವ ಹಿರಿಯ ಅಳಿಯನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಅಳಿಯಂದ್ರೇ, ಗದ್ದದ ಕೆಳಗೆ ಸ್ವಲ್ಪ ಬೆಳೆ ಕೊಯ್ಯೋದು ಮರ್ತಿದೀರ."

ಅಳಿಯ ಕೈಯಿಂದ ಗದ್ದ ಸವರಿಕೊಂಡ. ಹೌದು, ಒಂದು ಬೆರಳಗಲ ಕುರುಚಲು ಉಳಿದಿತ್ತು.

"ಆ ಪ್ಲಾಸ್ಟಿಕ್ ರೇಜರ್‌ನಲ್ಲಿ ಅಷ್ಟೇ ಆಗೋದು" ಎಂದರು ಮಾವ. "ಅದು ಶೇವಿಂಗ್ ಅಲ್ಲ, ಮುಖ ಒರೆಸ್ಕೊಳ್ಳೋದು. ನಮ್ಮ ಕಾಲದಲ್ಲಿ, ಒಂದ್ಸಲ ಏನಾಯ್ತು ಅಂದ್ರೆ..."

ರೈಲು ಹೊರಟಿತು. ಸರಳು, ಕನ್ನಡಿ, ತಿರುವು, ಸಾಹೇಬರು. ಅಳಿಯ ಇದನ್ನು ಎಷ್ಟು ಸಲ ಕೇಳಿದ್ದನೋ ಅವನಿಗೇ ಗೊತ್ತಿಲ್ಲ. ಅವತ್ತು ಮಾತ್ರ ಅವನ ನಾಲಿಗೆ ಹತೋಟಿ ತಪ್ಪಿತು.

"ಅದ್ರಲ್ಲೇನಿದೆ ಮಾವ? ನಾನು ದಿನಾ ಬೇರೆಯವರ ಬಾಯೊಳಗೆ ಚೂಪಾಗಿರೋದನ್ನೇ ಆಡಿಸ್ತೀನಿ. ಅವರು ಒದ್ದಾಡಿದ್ರೂ ಕೈ ತಪ್ಪಲ್ಲ. ನನ್ನ ಮುಖ ನಾನು ಕೆರ್ಕೊಳ್ಳೋದು ಯಾವ ಮಹಾ ವಿದ್ಯೆ?"

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಷಡ್ಡಕ ತನ್ನ ಗಡ್ಡ ನೀವಿಕೊಳ್ಳುತ್ತ, "ಹಾಗಾದ್ರೆ ಒಂದ್ಸಲ ಮಾಡಿ ತೋರಿಸ್ಬಿಡಿ ಡಾಕ್ಟ್ರೇ, ನಾವೂ ಕಣ್ತುಂಬ ನೋಡ್ತೀವಿ" ಎಂದ.

ಮಾವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮಖಮಲ್ಲು ಹೊದಿಸಿದ ಉದ್ದನೆಯ ಪೆಟ್ಟಿಗೆ. ಮುಚ್ಚಳ ತೆಗೆದರೆ ದಂತದ ಬಣ್ಣದ ಹಿಡಿಯ ಕ್ಷೌರದ ಕತ್ತಿ, ಬೆಳಕಿಗೆ ಫಳಕ್ಕೆಂದಿತು. ಹೆಣ್ಣುಮಕ್ಕಳೂ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನನಗೂ ವಯಸ್ಸಾಯ್ತು. ಇನ್ನು ಸಾದಾ ರೇಜರೇ ಸಾಕು" ಎಂದು ಮಾವ ದೊಡ್ಡ ತ್ಯಾಗ ಮಾಡಿದವರಂತೆ ನಿಟ್ಟುಸಿರು ಬಿಟ್ಟರು. "ಮುಂದಿನ ತಿಂಗಳು ನಿಮ್ಮತ್ತೆ ಹುಟ್ಟುಹಬ್ಬ. ಅವತ್ತು ಇದರಲ್ಲಿ ಮಾಡ್ಕೊಂಡ ಮುಖ ಹೊತ್ಕೊಂಡು ಬನ್ನಿ ಅಳಿಯಂದ್ರೇ. ಆಮೇಲೆ ಮಾತಾಡೋಣ."

ಮರುದಿನ ಬೆಳಗ್ಗೆ ಅಳಿಯ ಕನ್ನಡಿಯ ಮುಂದೆ ನಿಂತ. ಮೊಬೈಲಿನಲ್ಲಿ ಒಬ್ಬ ಆಸಾಮಿ ಇದನ್ನೆಲ್ಲ ವಿವರವಾಗಿ ತೋರಿಸಿದ್ದ. ಬಿಸಿನೀರಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳಬೇಕು. ಬ್ರಶ್ಶಿನಿಂದ ಗಟ್ಟಿ ನೊರೆ ಹಚ್ಚಬೇಕು. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಕತ್ತಿಯನ್ನು ಮುಖಕ್ಕೆ ಒರಗಿಸಿದಂತೆ ಇಟ್ಟು, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಇಳಿಸಬೇಕು. ಮೊದಲ ವಾರ ಕೆನ್ನೆ ಮಾತ್ರ, ಗದ್ದ ಮತ್ತು ತುಟಿಯ ತಂಟೆಗೆ ಹೋಗಬಾರದು. ಆ ಆಸಾಮಿ ರೊಟ್ಟಿಯ ಮೇಲಿನ ಬೆಣ್ಣೆ ಸವರಿ ತೆಗೆದಂತೆ ತನ್ನ ಗಡ್ಡ ತೆಗೆದು, ಕ್ಯಾಮೆರಾ ನೋಡಿ ಮುಗುಳ್ನಕ್ಕಿದ್ದ.

ಅಳಿಯ ಉಸಿರು ಬಿಗಿಹಿಡಿದು ಕಿವಿಯ ಬುಡದಿಂದ ಕತ್ತಿ ಇಳಿಸಿದ. ಕತ್ತಿ ಒಂದಿಂಚು ಹೋಗಿ ನಿಂತಿತು. ಕೋಳಿಯ ಪುಕ್ಕ ಕಿತ್ತಂತೆ ಕೂದಲು ಬುಡಸಮೇತ ಜಗ್ಗಿತು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಸ್ವಲ್ಪ ಒತ್ತಿದ. ಈ ಸಲ ಕತ್ತಿಯ ಮೂಲೆ ಕಿವಿಯ ತುದಿಯನ್ನು ಮಾತಾಡಿಸಿತು.

ಹೆಂಡತಿ ಹಲ್ಲುಜ್ಜುತ್ತ ಬಂದು ಇಣುಕಿದಳು. ಅವಳು ಶಾಲೆಯಲ್ಲಿ ಆಟ ಕಲಿಸುವ ಟೀಚರು, ಬೆಳಗಾದರೆ ಟ್ರ್ಯಾಕ್‌ಸೂಟು ಹಾಕಿ ಕೊರಳಿಗೆ ಸೀಟಿ ನೇತುಹಾಕಿಕೊಂಡು ಓಡುವವಳು.

"ಕೂದ್ಲು ಒಂದೂ ಹೋಗಿಲ್ಲ ಕಣ್ರೀ. ಚರ್ಮ ಮಾತ್ರ ನೀಟಾಗಿ ಹೋಗಿದೆ."

"ಮೊದಲನೇ ದಿನ ಅಲ್ವಾ. ಕೈ ಕೂತ್ಕೋಬೇಕು."

"ಕೈ ಕೂರೋ ಹೊತ್ತಿಗೆ ಕಿವಿ ಇರುತ್ತಾ?"

ಕೈ ಕೂರಲಿಲ್ಲ. ಬಲೂನು ಊದಿ ಅದಕ್ಕೆ ನೊರೆ ಬಳಿದು ಅಭ್ಯಾಸ ಮಾಡಬೇಕೆಂದು ಮೊಬೈಲಿನ ಆಸಾಮಿ ಹೇಳಿದ್ದನ್ನು ನಂಬಿ ಅಳಿಯ ಒಂದು ಪೊಟ್ಟಣ ಬಲೂನು ತಂದ. ಢಂ ಎಂದು ಒಡೆದ ಮೊದಲ ಬಲೂನು ನೊರೆಯನ್ನು ಬಚ್ಚಲಿನ ಸೂರಿಗೆ, ಕನ್ನಡಿಗೆ, ಒಗೆದು ಮಡಚಿಟ್ಟ ಟವೆಲ್ಲುಗಳಿಗೆ ಸಮನಾಗಿ ಹಂಚಿತು. ನಾಲ್ಕನೆಯದು ಒಡೆದಾಗ ಕೆಳಗಿನ ಮನೆಯವರು ಬಾಗಿಲು ತಟ್ಟಿ, ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿ ಹೋದರು.

ದಿನದಿನಕ್ಕೆ ಅವನ ಮುಖದ ಮೇಲೆ ಅಂಟುಪಟ್ಟಿಗಳು ಹೆಚ್ಚಾದವು. ಒಂದು ಕೆನ್ನೆಯ ಮೇಲೆ, ಒಂದು ಕಿವಿಯ ಕೆಳಗೆ, ಒಂದು ಗಂಟಲಿನ ಹತ್ತಿರ. ಕ್ಲಿನಿಕ್ಕಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿದರೂ ಅವು ಅಂಚಿನಲ್ಲಿ ಇಣುಕುತ್ತಿದ್ದವು. ರೋಗಿಗಳು ಕೇಳತೊಡಗಿದರು. ಡಾಕ್ಟರಿಗೆ ಹೇಳಲು ನಾಚಿಕೆ, ಹಾಗಾಗಿ ಉತ್ತರ ಕೊಡುವ ಕೆಲಸ ನರ್ಸಿನ ಪಾಲಿಗೆ ಬಂತು. ಆಕೆ ಬಾಯಿಗೆ ಬಿಡುವು ಕೊಟ್ಟವಳಲ್ಲ.

ಸೋಮವಾರ ಆಕೆ, "ಬೆಕ್ಕು ಪರಚಿದ್ದು" ಎಂದಳು. ಡಾಕ್ಟರ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಮಂಗಳವಾರ, "ಗುಲಾಬಿ ಗಿಡ ಕತ್ತರಿಸೋಕೆ ಹೋಗಿದ್ರು" ಎಂದಳು. ಬುಧವಾರಕ್ಕೆ ಕಲ್ಪನೆ ಬತ್ತಿತು. ಯಾರೋ ಹೆಂಗಸು, "ಡಾಕ್ಟ್ರಿಗೆ ಮತ್ತೆ ಏನಾಯ್ತು?" ಎಂದು ಕೇಳಿದ್ದಕ್ಕೆ ನರ್ಸ್ ದನಿ ತಗ್ಗಿಸಿ, "ಬೇರೆಯವರ ಮನೆ ವಿಷಯ, ನಮಗ್ಯಾಕೆ ಬಿಡಿ" ಎಂದುಬಿಟ್ಟಳು.

ಬೆಕ್ಕು ಮತ್ತು ಗುಲಾಬಿ ಕ್ಲಿನಿಕ್ಕಿನ ಹೊಸಿಲು ದಾಟಿರಲಿಲ್ಲ. ಈ ಮಾತಿಗೆ ಮಾತ್ರ ರೆಕ್ಕೆ ಬಂತು.

ಶುಕ್ರವಾರ ಶಾಲೆಯ ಗೇಟಿನ ಹತ್ತಿರ ಮಗುವನ್ನು ಬಿಡಲು ಬಂದ ಒಬ್ಬರು ಆಟದ ಟೀಚರನ್ನು ಪಕ್ಕಕ್ಕೆ ಕರೆದರು. "ಟೀಚರ್, ಸಿಟ್ಟು ಯಾರಿಗೆ ಬರಲ್ಲ ಹೇಳಿ. ಆದ್ರೆ ಡಾಕ್ಟ್ರು ಪಾಪ ಸಾಧು ಮನುಷ್ಯ. ಕೈ ಸ್ವಲ್ಪ ಹಿಡಿತದಲ್ಲಿರ್ಲಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ಟರು ಕರೆದು, ಬಹಳ ಮೃದುವಾಗಿ, ಕೆಲವು ದಿನ ರಜೆ ಹಾಕಿ ಮನಸ್ಸಿಗೆ ವಿಶ್ರಾಂತಿ ಕೊಡಬಾರದೇಕೆ ಎಂದು ಕೇಳಿದರು.

ಅವಳು ರಜೆ ಹಾಕಲಿಲ್ಲ. ನೇರ ಕ್ಲಿನಿಕ್ಕಿಗೆ ಬಂದಳು. ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ, ಮುಖ ಕೆಂಡ. ಕಾಯುತ್ತ ಕೂತಿದ್ದ ರೋಗಿಗಳು ತಾವಾಗಿಯೇ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು.

"ಎಲ್ಲಿ ಅವರು?"

ನರ್ಸ್ ಮಾತಿಲ್ಲದೆ ಒಳಗಿನ ಬಾಗಿಲು ತೋರಿಸಿದಳು. ಆಟದ ಟೀಚರ ಗಂಟಲು ಮೈದಾನದ ಆ ತುದಿಗೂ ಕೇಳುವಂಥದ್ದು. ಬಾಗಿಲು ಮುಚ್ಚುವ ಮೊದಲೇ ಅವಳ ಮಾತು ಹೊರಗಿನವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು:

"ಕತ್ತಿ ಎಲ್ಲಿ? ಇವತ್ತು ಒಂದು ಗತಿ ಕಾಣಿಸ್ತೀನಿ!"

ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡಿದ್ದ ಮೂವರು ಎದ್ದು ಮೆಲ್ಲಗೆ ಹೊರಬಿದ್ದರು. ಮೂವರಿಗೂ ನೋವು ಆ ಕ್ಷಣಕ್ಕೆ ವಾಸಿಯಾಗಿತ್ತು.

ಒಳಗೆ ಅಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ. ಕತ್ತಿ ಅವನ ಚೀಲದಲ್ಲೇ ಇತ್ತು. ಬಿಡುವಾದಾಗ ಹಿಡಿತ ಅಭ್ಯಾಸ ಮಾಡಲೆಂದು ತಂದಿದ್ದ. ಹೆಂಡತಿ ಅದನ್ನು ಕಸಿದುಕೊಂಡು ಬಿಚ್ಚಿದಳು. ತನ್ನ ಮೊಣಕೈ ಕೆಳಗಿನ ನವಿರು ಕೂದಲ ಮೇಲೆ ಎಳೆದಳು. ಕೂದಲು ಮಲಗಿ ಎದ್ದವು, ಅಷ್ಟೇ. ಮತ್ತೆ ಎಳೆದಳು. ಮತ್ತೆ ಮಲಗಿ ಎದ್ದವು.

"ಇದು ಬೆಣ್ಣೆನೂ ಕೊಯ್ಯಲ್ಲ. ಮೂಲೆ ಒಂದು ಚುಚ್ಚುತ್ತೆ, ಅದೇ ನಿಮ್ಮನ್ನ ಗಾಯ ಮಾಡಿರೋದು. ಹಲ್ಲು ಕೆರೆಯೋ ನಿಮ್ಮ ಕೊಕ್ಕೆಗಳನ್ನ ವಾರ ವಾರ ಮಸೀತೀರಲ್ಲ, ಇದನ್ನೂ ಮಸೀಬೇಕು ಅಂತ ತಲೆಗೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಮಾವನ ಕತ್ತಿ ಎಂದರೆ ಹರಿತವಾಗಿಯೇ ಇರುತ್ತದೆ, ತಪ್ಪೇನಿದ್ದರೂ ತನ್ನ ಕೈಯದೇ ಎಂದು ಅವನು ನಂಬಿ ಕೂತಿದ್ದ.

ಕತ್ತಿಯನ್ನು ಅವನ ಮೇಜಿನ ಮೇಲೆಸೆದು ಹೋಗುವಾಗ ಅವಳು ಹೊರಗೆ ಉಳಿದಿದ್ದವರತ್ತ ತಿರುಗಿ, "ನನ್ನ ಗಂಡನಿಗೆ ಶೇವ್ ಮಾಡ್ಕೊಳ್ಳೋಕೆ ಬರಲ್ಲ. ಅಷ್ಟೇ ವಿಷಯ. ಹೋಗಿ ಎಲ್ಲರಿಗೂ ಹೇಳಿ" ಎಂದಳು. ಸುದ್ದಿ ಕೇಳಿದವರು ಆಕೆ ಗಂಡನ ಮಾನ ಮುಚ್ಚಲು ಎಂಥ ಸುಳ್ಳು ಹೇಳಿದಳೆಂದು ತಲೆದೂಗಿದರು.

ಊಟದ ಬಿಡುವಿನಲ್ಲಿ ಅಳಿಯ ಹಲ್ಲಿನ ಹುಳುಕು ನೋಡುವ ಭೂತಗನ್ನಡಿಯನ್ನು ಕಣ್ಣಿಗೇರಿಸಿ, ದೊಡ್ಡ ದೀಪವನ್ನು ಎಳೆದುಕೊಂಡು, ಕತ್ತಿಯ ಮೇಲೆ ಬಗ್ಗಿದ. ಎಷ್ಟೋ ವರ್ಷ ಬಳಸಿದ ಕತ್ತಿಯ ಅಲಗಿನ ಮೇಲೆ ಮಸೆದ ಗೀರುಗಳಿರಬೇಕು. ಇದರ ಮೇಲೆ ಒಂದೂ ಇರಲಿಲ್ಲ. ಕೊಂಡವರೇ ಮಸೆದುಕೊಳ್ಳಲೆಂದು ಕಾರ್ಖಾನೆಯವರು ಬಿಟ್ಟ ಅಲಗಿನ ಅಂಚು ಹಾಗೇ ಮೊಂಡಾಗಿ ದುಂಡಗಿತ್ತು. ಹಿಡಿಯ ಕೀಲಿನ ಸಂದಿಯಲ್ಲಿ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ಹಚ್ಚಿ ಕಳಿಸಿದ ಮೇಣ ಹಾಗೇ ಗಟ್ಟಿಯಾಗಿ ಕೂತಿತ್ತು. ಅವನು ಹಲ್ಲಿನ ಸಂದಿಗೆ ಹಾಕುವ ಸಪೂರ ಕೊಕ್ಕೆಯಿಂದ ಅದನ್ನು ಮೆಲ್ಲಗೆ ಎಬ್ಬಿಸಿದ. ಹಳದಿ ಮೇಣದ ಎಳೆ ಇಡಿಯಾಗಿ ಕೈಗೆ ಬಂತು.

ಈ ಕತ್ತಿ ಯಾವ ಗಡ್ಡದ ಮುಖವನ್ನೂ ನೋಡಿರಲಿಲ್ಲ. ಇದರ ಮೊದಲ ಗಿರಾಕಿ ಅವನೇ.

ಮೊದಲು ಮೈಯೆಲ್ಲ ಉರಿಯಿತು. ಕಿವಿ, ಕೆನ್ನೆ, ಹೆಂಡತಿಯ ಮರ್ಯಾದೆ, ಓಡಿಹೋದ ರೋಗಿಗಳು, ಎಲ್ಲ ಕಣ್ಣ ಮುಂದೆ ಸಾಲಾಗಿ ಬಂದವು. ಫೋನಿಗೆ ಕೈ ಹಾಕಿದ. ಆಮೇಲೆ ತಿರುವಿನಲ್ಲಿ ಓಲಾಡುತ್ತ, ನಡುಗುವ ಕನ್ನಡಿಯ ಮುಂದೆ ಈ ಮೊಂಡು ಕತ್ತಿ ಹಿಡಿದು ನಿಂತ ಮಾವ ಕಣ್ಣಿಗೆ ಕಟ್ಟಿದರು. ಎಷ್ಟು ತಡೆದರೂ ನಗು ತಡೆಯಲಾಗಲಿಲ್ಲ. ಹೊರಗಿದ್ದ ನರ್ಸ್, ಡಾಕ್ಟರಿಗೆ ಮನೆಯ ಕಷ್ಟ ತಲೆಗೇರಿತೆಂದು ಮರುಗಿದಳು.

ಅವನು ಯಾರಿಗೂ ಹೇಳಲಿಲ್ಲ. ಕ್ಲಿನಿಕ್ಕಿನಲ್ಲಿ ಕೊಕ್ಕೆ ಮಸೆಯುವ ಕಲ್ಲುಗಳನ್ನು ತೆಗೆದು, ಒರಟಿನಿಂದ ನುಣುಪಿಗೆ ಒಂದೊಂದಾಗಿ, ಹನಿ ಎಣ್ಣೆ ಬಿಟ್ಟು ಕತ್ತಿಯನ್ನು ಮಸೆದ. ಇದು ಅವನ ಕೈಗೆ ಗೊತ್ತಿದ್ದ ಕೆಲಸ. ಒಂದು ವಾರ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಹಳೆಯ ಚರ್ಮದ ಬೆಲ್ಟನ್ನು ಬಾಗಿಲ ಹಿಡಿಕೆಗೆ ಕಟ್ಟಿ, ಕತ್ತಿಯ ಬೆನ್ನು ಮುಂದಾಗಿರುವಂತೆ ಅದರ ಮೇಲೆ ಆಚೆಗೂ ಈಚೆಗೂ ಸವರಿದ. ಕೊನೆಗೆ ಮೊಣಕೈ ಕೆಳಗೆ ಹಿಡಿದರೆ ಕತ್ತಿ ತಾಕಿತೋ ಇಲ್ಲವೋ, ಕೂದಲು ಉದುರಿ ಬಿತ್ತು.

ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ಅವನು ಹೊಸದೊಂದು ಸದ್ದು ಕೇಳಿದ. ಒಣಗಿದ ಎಲೆಯ ಮೇಲೆ ಯಾರೋ ಬೆರಳಾಡಿಸಿದಂಥ ಸಣ್ಣ ಕರಕರ. ಕತ್ತಿ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು, ಅವನು ದಾರಿ ತೋರಿಸಿದರೆ ಸಾಕಿತ್ತು. ನೊರೆ ಹೋದ ಕಡೆ ಕೆನ್ನೆ ಹಸಿಯಾಗಿ ಹೊಳೆಯುತ್ತಿತ್ತು. ಅವಸರ ಮಾಡಿದರೆ ಎಚ್ಚರಿಸುವ, ನಿಧಾನಿಸಿದರೆ ಒಲಿಯುವ ಕೆಲಸ ಅದು. ಮನಸ್ಸು ಬೇರೆಲ್ಲಿಗೂ ಓಡುವಂತಿರಲಿಲ್ಲ. ಪಟಿಕದ ತುಂಡನ್ನು ಒದ್ದೆ ಮಾಡಿ ಮುಖಕ್ಕೆ ಉಜ್ಜಿಕೊಂಡಾಗ ಎಲ್ಲಿಯೂ ಉರಿಯಲಿಲ್ಲ. ಹೆಂಡತಿ ಬಂದು ಹಿಂಗೈಯಿಂದ ಅವನ ಕೆನ್ನೆ ಸವರಿದಳು, ಇನ್ನೊಂದು ಸಲ ಸವರಿ ಹೋದಳು.

ಅತ್ತೆಯ ಹುಟ್ಟುಹಬ್ಬ ಹತ್ತಿರ ಬಂದಾಗ ಅಳಿಯ ಮಾವನಿಗೆ ಫೋನು ಮಾಡಿದ.

"ಮಾವ, ಹಲ್ಲು ಕ್ಲೀನ್ ಮಾಡಿಸಿ ತುಂಬಾ ದಿನ ಆಯ್ತಲ್ಲ. ಫೋಟೋದಲ್ಲಿ ಹೊಳೀಬೇಕು ನೀವು. ನಾಳೆ ಬೆಳಗ್ಗೆ ಮೊದಲು ನಿಮ್ಮದೇ ಸರದಿ. ಹಾಂ, ಶೇವ್ ಮಾಡ್ಕೋಬೇಡಿ. ಔಷಧಿ ತಾಗಿದ್ರೆ ಚರ್ಮ ಉರಿಯುತ್ತೆ."

ಹಾಗೆ ಉರಿಯುವ ಔಷಧಿ ಯಾವುದೂ ಕ್ಲಿನಿಕ್ಕಿನಲ್ಲಿ ಇರಲಿಲ್ಲ.

ಮಾವ ಬಂದರು, ಕುರ್ಚಿಯಲ್ಲಿ ಒರಗಿದರು. ಅಳಿಯ ಪೆಡಲು ಒತ್ತಿ ಕುರ್ಚಿಯನ್ನು ಮಲಗಿಸಿದ. ಹಲ್ಲು ಕೆರೆದು ಶುಚಿ ಮಾಡುವವರೆಗೂ ಎಲ್ಲ ಎಂದಿನಂತೆಯೇ ನಡೆಯಿತು. ಮಾವ ಬಾಯಿ ಮುಕ್ಕಳಿಸಿ ಎದ್ದು ಕೂರಬೇಕೆನ್ನುವಷ್ಟರಲ್ಲಿ ಮುಖದ ಮೇಲೆ ಬಿಸಿ ಟವೆಲ್ಲು ಬಿತ್ತು.

"ಇದೇನು ಅಳಿಯಂದ್ರೇ?"

"ಗುರುದಕ್ಷಿಣೆ ಮಾವ. ನಿಮ್ಮ ಕತ್ತಿಯಲ್ಲಿ ನಿಮಗೇ ಒಂದು ಶೇವ್. ಮಲಗಿ ಆರಾಮಾಗಿ."

ಮಾವ ಬೇಡವೆನ್ನುವ ಮೊದಲೇ ಬ್ರಶ್ಶು ಅವರ ಬಾಯಿಯ ಸುತ್ತ ತಿರುಗಿಬಿಟ್ಟಿತು. ಡಾಕ್ಟರ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಅಳಿಯ ಕತ್ತಿ ಬಿಚ್ಚಿದ. ಬೆಲ್ಟಿನ ಮೇಲೆ ನಾಲ್ಕು ಸಲ ಸವರಿದ, ಬೇಕೆಂದೇ ಸ್ವಲ್ಪ ಜೋರಾಗಿ ಸದ್ದು ಬರುವ ಹಾಗೆ. ಮಾವನ ಕಣ್ಣು ಅಗಲವಾದವು.

ಎಡಗೆನ್ನೆ ಮುಗಿಯಿತು. ಕತ್ತಿ ಬಲಗೆನ್ನೆಗೆ ಬಂತು. ಹಲ್ಲಿನ ಡಾಕ್ಟರಿಗೆ ಎದುರಿನವರ ಬಾಯಿ ಮಾತಾಡಲಾಗದ ಸ್ಥಿತಿಯಲ್ಲಿದ್ದಾಗಲೇ ಪ್ರಶ್ನೆ ಕೇಳುವ ಅಭ್ಯಾಸ.

"ಮಾವ, ಒಂದು ಅನುಮಾನ. ಅವತ್ತು ರೈಲಿನಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಕಿಟಕಿ ಸರಳು. ಅಲ್ವಾ?"

"ಹೂಂ" ಎಂದರು ಮಾವ ನೊರೆಯೊಳಗಿಂದ.

"ಹಾಗಾದ್ರೆ ಚರ್ಮ ಎಳೆದು ಹಿಡಿದಿದ್ದು ಯಾರು?"

ಮಾವ ಮುಖವನ್ನು ಗೋಡೆಯತ್ತ ತಿರುಗಿಸಲು ನೋಡಿದರು.

"ಎಳೆದು ಹಿಡೀದೆ ಇದ್ರೆ ಈ ಕತ್ತಿ ಹೋಗೋದೇ ಇಲ್ಲ ನೋಡಿ. ಸಾಹೇಬರೇನಾದ್ರೂ ಬಂದು ಹಿಡ್ಕೊಂಡಿದ್ರಾ? ಅಲ್ಲಾಡ್ಬೇಡಿ ಮಾವ, ಕತ್ತಿ ಗಂಟಲ ಹತ್ರ ಇದೆ. ಇನ್ನೊಂದು ವಿಷಯ. ಕೀಲಿನಲ್ಲಿ ಮೇಣ ಸಿಕ್ತು. ಕಾರ್ಖಾನೆ ಮೇಣ. ಹಾಗೇ ತೆಗೆದಿಟ್ಟಿದ್ದೀನಿ, ನೋಡ್ತೀರಾ?"

ಮಾವ ಬೇಡವೆಂದು ಕೈಯಾಡಿಸಿದರು. ಅಳಿಯ ಕತ್ತಿಯನ್ನು ದೂರ ಮಾಡಿ, ಮುಖ ಒರೆಸಿ, ಕುರ್ಚಿಯನ್ನು ಎಬ್ಬಿಸಿದ. ಮಾವ ಅರ್ಧ ಕ್ಷೌರದ ಮುಖವನ್ನು ಬಾಗಿಲತ್ತ ತಿರುಗಿಸಿದರು.

"ಬಾಗಿಲು ಹಾಕಿದೀರಾ?"

"ಹಾಕಿದೆ."

"ನಿಮ್ಮತ್ತೆಯ ಅಪ್ಪ ಮಿಲಿಟರಿಯವ್ರು" ಎಂದು ಶುರುಮಾಡಿದರು ಮಾವ. "ಹುರಿ ಮೀಸೆ. ಕೈ ಕುಲುಕಿದ್ರೆ ಮೂಳೆ ಲಟಲಟ ಅನ್ನೋದು. ನಾನು ಹೆಣ್ಣು ನೋಡೋಕೆ ಹೋದಾಗ ಹೀಗೆ ಕಡ್ಡಿ ಥರ ಇದ್ದೆ. ನನ್ನನ್ನ ಮೇಲಿಂದ ಕೆಳಗೆ ನೋಡಿ, 'ನೀನು ಶೇವ್ ಆದ್ರೂ ಮಾಡ್ಕೋತೀಯೇನಯ್ಯ' ಅಂದ್ರು. ನಿಮ್ಮತ್ತೆ ಬಾಗಿಲ ಹತ್ರ ನಿಂತು ಕೇಳಿಸ್ಕೋತಿದ್ಲು. ಏನ್ ಮಾಡ್ಲಿ? ಓಡೋ ರೈಲಲ್ಲಿ ಕತ್ತಿಯಲ್ಲೇ ಮಾಡ್ಕೋತೀನಿ ಅಂತ ಬಾಯಿಗೆ ಬಂದ್ಬಿಡ್ತು. ಎಲ್ಲಿ ನಿನ್ನ ಕತ್ತಿ ತೋರಿಸು ಅಂದ್ರು. ಕಿಟಕಿಯಿಂದ ಹೊರಗೆ ಬಿದ್ದೋಯ್ತು ಅಂದೆ. ಅವರಿಗೆ ಅಷ್ಟು ಖುಷಿ ಆಯ್ತು ನೋಡಿ, ಮದುವೆ ದಿನ ಹೊಸ ಕತ್ತಿ ತಂದು ಕೈಗೆ ಕೊಟ್ಟರು."

"ಆಮೇಲೆ?"

"ಆಮೇಲೇನು, ಒಂದ್ಸಲ ಬಿಚ್ಚಿದೆ. ಕೈ ಹೀಗೆ ನಡುಗ್ತು. ಮಡಚಿ ಇಟ್ಟೆ. ಬಾಗಿಲು ಹಾಕ್ಕೊಂಡು ಬ್ಲೇಡಿನ ರೇಜರ್‌ನಲ್ಲೇ ಮಾಡ್ಕೊಂಡೆ. ಒಂದು ದಿನ ಹಾಕಿದ ಬಾಗಿಲು, ತೆಗೆಯೋಕೆ ಆಗ್ಲೇ ಇಲ್ಲ. ಆ ಕತ್ತಿ ಮನೆಯಿಂದ ತೊಲಗಿದ್ರೆ ಸಾಕಾಗಿತ್ತು ನನಗೆ. ನೀವು ಎರಡು ದಿನ ಒದ್ದಾಡಿ ಕೈ ಚೆಲ್ತೀರಿ ಅಂದ್ಕೊಂಡೆ." ಅವರು ಅಳಿಯನ ಕೆನ್ನೆಯ ಮಾಸುತ್ತಿರುವ ಗೀರುಗಳನ್ನು ನೋಡಿದರು. "ತಪ್ಪಾಯ್ತು ಅಳಿಯಂದ್ರೇ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡಿ."

ಅಳಿಯನಿಗೆ ಎಷ್ಟೋ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು. ಮದುವೆಯ ಹೊಸತರಲ್ಲಿ ಇದೇ ಮಾವನೆದುರು ತಾನು ಈಜು ಬರುತ್ತದೆಂದು ಹೇಳಿಕೊಂಡದ್ದು ಯಾಕೋ ನೆನಪಾಯಿತು. ಅವನಿಗೆ ಈಜು ಇವತ್ತಿಗೂ ಬರುವುದಿಲ್ಲ.

"ಹೇಳಲ್ಲ. ಆದ್ರೆ ಒಂದು ಷರತ್ತು. ನೀವೂ ಕಲೀಬೇಕು."

"ಈ ವಯಸ್ಸಲ್ಲಾ?"

"ಇಲ್ಲಾಂದ್ರೆ ಅರ್ಧ ಶೇವ್ ಮಾಡ್ಕೊಂಡೇ ಮನೆಗೆ ಹೋಗಿ."

ಹುಟ್ಟುಹಬ್ಬದ ಮೇಜಿನಲ್ಲಿ ಅಳಿಯನ ಮುಖ ಬೆಣ್ಣೆಯಂತಿತ್ತು. ಮಾವ ಎಲ್ಲರೆದುರು ಹಿಂಗೈಯಿಂದ ಅದನ್ನು ಸವರಿ, "ಪಾಸ್" ಎಂದು ಘೋಷಿಸಿದರು. ಸೋಲಿನ ತಮಾಷೆ ನೋಡಲು ಬಂದಿದ್ದ ಷಡ್ಡಕನಿಗೆ ನಿರಾಸೆ.

"ಹೇಗೆ ಕಲಿತ್ರಿ ಡಾಕ್ಟ್ರೇ?"

"ಎಲ್ಲ ಮಾವನ ಪಾಠ" ಎಂದ ಅಳಿಯ ಗಂಭೀರವಾಗಿ. "ಅವರು ನಿಮಗೆಲ್ಲ ಹೇಳಿದ್ದು ಅರ್ಧ ಕಥೆ. ಆ ತಿರುವಿನ ನಂತರ ಸುರಂಗ ಬಂತಂತೆ. ಕಗ್ಗತ್ತಲು. ಮಾವ ಕತ್ತಿ ನಿಲ್ಲಿಸಲಿಲ್ಲ."

ಮಾವ ನೀರು ಕುಡಿಯುತ್ತಿದ್ದವರು ಕೆಮ್ಮಿದರು.

"ಅಷ್ಟರಲ್ಲಿ ಹಳಿ ಮೇಲೆ ಹಸು. ಡ್ರೈವರ್ ಗಕ್ಕಂತ ಬ್ರೇಕ್ ಹಾಕಿದಾನೆ. ಮಾವ ಆಗ ಮೇಲ್ದುಟಿ ಹತ್ರ ಇದ್ರು."

"ಹಸು ಇರ್ಲಿಲ್ಲ ಅನ್ಸುತ್ತೆ" ಎಂದರು ಮಾವ ಕ್ಷೀಣವಾಗಿ.

"ಇತ್ತು ಮಾವ. ನೀವು ಮರ್ತಿದೀರ. ಕರುನೂ ಇತ್ತು."

ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಹೆಂಡತಿ ಮಾತ್ರ ಗಂಡನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡುತ್ತಿದ್ದಳು.

ಊಟವಾದ ಮೇಲೆ ಅಳಿಯ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಅತ್ತೆ ಉಳಿದ ಕೇಕನ್ನು ಡಬ್ಬಿಗೆ ತುಂಬುತ್ತಿದ್ದರು. ತಲೆ ಎತ್ತದೆಯೇ ಮಾತಾಡಿದರು.

"ಸುರಂಗ ಸಾಕಾಗಿತ್ತು ಅಳಿಯಂದ್ರೇ. ಹಸು ಯಾಕೆ ತಂದ್ರಿ? ಪಾಪ, ಅವರಿಗೆ ನೀರು ನೆತ್ತಿಗೇರ್ತು."

ಅಳಿಯ ಕೈಯಲ್ಲಿದ್ದ ತಟ್ಟೆಗಳನ್ನು ಮೆಲ್ಲಗೆ ಕೆಳಗಿಟ್ಟ. "ಅತ್ತೆ, ನಿಮಗೆ..."

"ಮದುವೆಯಾದ ಹೊಸತರಲ್ಲೇ ಗೊತ್ತಾಯ್ತು. ಒಗೆಯೋಕೆ ಹಾಕಿದ ಪ್ಯಾಂಟಿನ ಜೇಬಲ್ಲಿ ಬ್ಲೇಡಿನ ಪೊಟ್ಟಣ. ವಾಪಸ್ ಅಲ್ಲೇ ಇಟ್ಟೆ."

"ಒಂದ್ಸಲಾನೂ ಕೇಳಲಿಲ್ವಾ?"

"ಕೇಳಿ ನಾನ್ಯಾಕೆ ನಷ್ಟ ಮಾಡ್ಕೊಳ್ಲಿ?" ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ಆ ಇಬ್ಬರು ಹುಡುಗೀರ ಗಲಾಟೆ ನೀವು ನೋಡಿಲ್ಲ. ದಿನಾ ಬೆಳಗ್ಗೆ ಅರ್ಧ ಗಂಟೆ ಮನೆಯಲ್ಲಿ ಒಂದು ಸೂಜಿ ಬಿದ್ರೂ ಕೇಳೋದು. ನಾನು ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಬಿಸಿ ಆರೋ ಮೊದಲೇ ಚಹಾ ಕುಡೀತಿದ್ದೆ. ಯಾರಾದ್ರೂ ಬಂದ್ರೆ 'ಅಪ್ಪನ ಕೈಯಲ್ಲಿ ಕತ್ತಿ ಇದೆ' ಅಂದ್ರೆ ಮುಗೀತು. ಅವರಿಗೆ ಗೊತ್ತಾಗೋದು ಬೇಡ. ಬೇಜಾರು ಮಾಡ್ಕೋತಾರೆ."

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಕೇಳಿದಳು, "ಏನ್ರೀ ಒಬ್ಬರೇ ನಗ್ತಿದೀರ?"

"ಏನಿಲ್ಲ."

"ಅಪ್ಪನ ಕತ್ತಿ ಅಷ್ಟು ಮೊಂಡಾಗಿತ್ತಲ್ಲ, ಅದು ಹೇಗೆ?"

"ಇಟ್ಟಲ್ಲೇ ಇದ್ರೆ ಮೊಂಡಾಗುತ್ತಂತೆ."

ಮಾವ ಹೇಳಬೇಡಿ ಎಂದಿದ್ದರು, ಅತ್ತೆಯೂ ಹೇಳಬೇಡಿ ಎಂದಿದ್ದರು. ತುದಿಗಾಲಲ್ಲಿ ನಡೆದು ದೊಡ್ಡವಳಾದ ಆಟದ ಟೀಚರಿಗೆ ಈ ಸಂಗತಿ ತಿಳಿದರೆ ಅವಳ ದನಿ ಯಾವ ಬೀದಿಯವರೆಗೆ ಕೇಳೀತೆಂದು ಯೋಚಿಸಿ ಅವನು ಬಾಯಿಗೆ ಬೀಗ ಹಾಕಿಕೊಂಡ.

ಅಂದಿನಿಂದ ಮಾವ ವಾರಕ್ಕೊಂದು ಬೆಳಗ್ಗೆ ಹಲ್ಲಿನ ನೆಪ ಹೇಳಿ ಕ್ಲಿನಿಕ್ಕಿಗೆ ಬರತೊಡಗಿದರು. ಮೊದಮೊದಲು ಅಳಿಯ ಅವರ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟು ಆಸರೆಯಾಗುತ್ತಿದ್ದ. ಬಲಗೆನ್ನೆ ಬೇಗ ಒಲಿಯಿತು. ಎಡಗೆನ್ನೆ ಸತಾಯಿಸಿತು. ಒಮ್ಮೆ ಗದ್ದದ ಹತ್ತಿರ ಸಣ್ಣ ಗಾಯವಾದಾಗ ಮಾವ ಅಂಟುಪಟ್ಟಿ ಹಾಕಲು ಬಿಡದೆ, ಕೆಂಪು ಚುಕ್ಕೆಯನ್ನು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡು ಹಾಗೇ ಮನೆಗೆ ಹೋದರು.

ಒಂದು ದಿನ ಪಾಠ ಅರ್ಧವಾಗಿತ್ತು. ದವಡೆ ಊದಿಸಿಕೊಂಡ ಲಾರಿ ಡ್ರೈವರೊಬ್ಬ ಚೀರುತ್ತ ಒಳಗೆ ನುಗ್ಗಿದ. ಮಾವ ಕುರ್ಚಿ ಬಿಟ್ಟುಕೊಡಲೇಬೇಕಾಯಿತು. ಕೊರಳಿಗೆ ಟವೆಲ್ಲು, ಕೈಯಲ್ಲಿ ಕತ್ತಿ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ಆರುತ್ತಿರುವ ನೊರೆ. ಹೊರಗೆ ಕೈ ತೊಳೆಯುವ ಬೇಸಿನ್ನಿನ ಮೇಲೆ ಒಂದು ಕನ್ನಡಿ ಇತ್ತು. ಅವರು ಅಳಿಯನತ್ತ ನೋಡಿದರು. ಅಳಿಯನ ಎರಡೂ ಕೈ ಡ್ರೈವರನ ಬಾಯೊಳಗಿದ್ದವು.

ಮಾವ ಬೇಸಿನ್ನಿನ ಮುಂದೆ ನಿಂತರು. ನರ್ಸ್ ಬರೆಯುವುದನ್ನು ನಿಲ್ಲಿಸಿದಳು. ಕಾಯುತ್ತಿದ್ದ ರೋಗಿಗಳು ಕೈಯಲ್ಲಿದ್ದ ಹಳೆಯ ಪತ್ರಿಕೆಗಳನ್ನು ಕೆಳಗಿಳಿಸಿದರು. ಮಾವ ನೊರೆಯನ್ನು ಮತ್ತೆ ಒದ್ದೆ ಮಾಡಿಕೊಂಡು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗೆನ್ನೆಯ ಚರ್ಮ ಬಿಗಿದು ಹಿಡಿದರು. ಹಾಗೆ ಹಿಡಿದರೆ ಕತ್ತಿ ಎಡಗೈಯ ಪಾಲಾಗುತ್ತದೆಂದು ಹೊಳೆದು, ಕೈ ಬದಲಾಯಿಸಿ ಮತ್ತೆ ಹಿಡಿದರು. ಕತ್ತಿ ಇಳಿಯಿತು. ಕರಕರ. ಒರೆಸಿದರು. ಮತ್ತೆ ಇಳಿಯಿತು.

"ಅಬ್ಬಾ, ಎಂಥಾ ಕೈ ಸಾರ್ ನಿಮ್ಮದು" ಎಂದರು ಮೂಲೆಯಲ್ಲಿದ್ದ ಒಬ್ಬರು. "ಎಷ್ಟು ವರ್ಷದ ಅಭ್ಯಾಸ?"

ಮಾವ ಆಗ ಮೀಸೆಯ ಅಂಚು ನೇರ ಮಾಡುತ್ತಿದ್ದರು. ತುಟಿ ಅಲ್ಲಾಡಿಸುವಂತಿರಲಿಲ್ಲ. ಕಣ್ಣನ್ನು ಕನ್ನಡಿಯಿಂದ ಕೀಳದೆಯೇ ಎಡಗೈಯ ಒಂದು ಬೆರಳನ್ನು ಮೇಲೆತ್ತಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ, ಕೆಲಸ ಮುಂದುವರಿಸಿದರು.